ದೇವದುರ್ಗದ ಹಳೇ ಕಂಪ್ಯೂಟರು ಮತ್ತು ಪ್ರಾಣೇಶರಾಯರು

ಪ್ರಾಣೇಶರಾಯರು ಮನುಷ್ಯರನ್ನು ‘ಲೇ’ ಎಂದೂ ಕಂಪ್ಯೂಟರುಗಳನ್ನು ‘ರೀ’ ಎಂದೂ ಮಾತನಾಡಿಸುತ್ತಿದ್ದರು. ನನ್ನ ಹೆಸರು ಶರಣಪ್ಪ. ಅವರ ಬಾಯಲ್ಲಿ ನಾನು ಕೊನೆಯವರೆಗೂ ಶರಣ್ಯಾ. ಅದೇ ಬಾಯಿ ಧೂಳು ಹಿಡಿದ ಹಳೇ ಕಂಪ್ಯೂಟರಿನ ಮುಂದೆ ಬೆಣ್ಣೆಯಾಗುತ್ತಿತ್ತು. “ಏಳ್ರಿ, ಬೆಳಗಾತು. ಏನ್ ತ್ರಾಸಾಗ್ಯದ ನಿಮಗ? ಈ ಮಂದಿ ಏನರೆ ಅಂದರೇನು?” ಎಂದು ಕೇಳುತ್ತ ಗುಂಡಿ ಒತ್ತುವರು. ಅದು ಗುರ್ ಎಂದು ಏಳುವವರೆಗೆ ಕೈ ಕಟ್ಟಿಕೊಂಡು ಕಾಯುವರು. ತಾಳ್ಮೆಗೆಟ್ಟು ಇನ್ನೊಮ್ಮೆ ಗುಂಡಿ ಒತ್ತಿದವರಿಗೆ ಬೈಗುಳ ಕಟ್ಟಿಟ್ಟದ್ದು.

ಅವರು ಮಾನ್ವಿಯವರು. ರಾಯಚೂರಿನಲ್ಲಿರುವ ನಮ್ಮ ಟ್ರಸ್ಟ್ ಆಸ್ಪತ್ರೆಯ ಕಂಪ್ಯೂಟರುಗಳ ಉಸ್ತುವಾರಿ ಅವರದು. ನಾನು ಅದೇ ಆಸ್ಪತ್ರೆಯ ದೇವದುರ್ಗದ ಶಾಖೆಯಲ್ಲಿ ಎಕ್ಸ್‌ರೇ ತೆಗೆಯುವವನು. ನಮ್ಮಲ್ಲಿ ಏನಾದರೂ ಕೆಟ್ಟರೆ ಹೆಗಲಿಗೊಂದು ಚೀಲ ಹಾಕಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಚೀಲದಲ್ಲಿ ಸ್ಕ್ರೂಡ್ರೈವರು, ಹಚ್ಚಿದ ಅವಲಕ್ಕಿಯ ಡಬ್ಬಿ, ಮನೆಯ ನೀರು. ಕೈಗೆ ಗಡಿಯಾರ ಕಟ್ಟುವ ರೂಢಿ ಇರಲಿಲ್ಲ. ಕೆಲಸಕ್ಕೆ ಕೂತ ಕೂಡಲೇ ಫೋನನ್ನೂ ಆಫ್ ಮಾಡಿ ಚೀಲದ ತಳಕ್ಕೆ ಹಾಕಿಬಿಡುವರು. “ದೇವರ ಮುಂದ ಕುಂತು ಯಾರರೆ ಫೋನಿನ್ಯಾಗ ಮಾತಾಡ್ತಾರೇನಲೇ?” ಎನ್ನುವುದು ಅವರ ನ್ಯಾಯ. ಇದೆಲ್ಲದರ ಜೊತೆಗೆ ಒಂದು ಒಣ ಕೆಮ್ಮು. ಸದಾ ಧೂಳು ಒರೆಸುವವರಿಗೆ ಕೆಮ್ಮು ಇರದೆ ಇನ್ನೇನು ಎಂದು ನಾವೂ ಸುಮ್ಮನಿದ್ದೆವು.

ಒಂದು ವರ್ಷ ರಾಯಚೂರಿಗೆ ಹೊಸ ಸರ್ವರ್ ಬಂತು. ಎಲ್ಲ ಶಾಖೆಗಳ ಕಂಪ್ಯೂಟರುಗಳೂ ಅದರ ಡೊಮೇನಿಗೆ ಸೇರಬೇಕು ಎಂದು ಆದೇಶವಾಯಿತು. ಡೊಮೇನ್ ಎಂದರೇನು ಎಂದು ಕೇಳಿದ್ದಕ್ಕೆ ರಾಯರು, “ಕೂಡಿದ ಕುಟುಂಬಲೇ. ಹಿರ್ಯಾ ರಾಯಚೂರಾಗ ಕುಂತಾನ. ಅವ ಹೂಂ ಅಂದ್ರಷ್ಟ ಮನಿಯೊಳಗ ಪ್ರವೇಶ. ಇಲ್ಲಾಂದ್ರ ಕಟ್ಟಿ ಮ್ಯಾಲೂ ಜಾಗ ಇಲ್ಲ” ಎಂದರು. ನಮ್ಮ ಎಕ್ಸ್‌ರೇ ಕೋಣೆಯ ಕಂಪ್ಯೂಟರ್ ಬಹಳ ಹಳೆಯದು. ಹೊಸದನ್ನು ತರೋಣವೆಂದರೆ ನಮ್ಮ ಎಕ್ಸ್‌ರೇ ಯಂತ್ರ ಹೊಸದಕ್ಕೆ ಒಗ್ಗುತ್ತಿರಲಿಲ್ಲ. ದೇವದುರ್ಗದಲ್ಲಿ ಚಿತ್ರ ಓದುವ ಡಾಕ್ಟರಿಲ್ಲ; ನಾನು ತೆಗೆದದ್ದು ಆ ಕಂಪ್ಯೂಟರಿನಿಂದ ರಾಯಚೂರಿಗೆ ಹೋಗಬೇಕು, ಅಲ್ಲಿನ ಡಾಕ್ಟರು ನೋಡಿ ವರದಿ ಕಳಿಸಬೇಕು. ತಿಂಗಳ ಕೊನೆಯೊಳಗೆ ಅದು ಡೊಮೇನಿಗೆ ಸೇರದಿದ್ದರೆ ನಮ್ಮ ಕೋಣೆಗೆ ಬೀಗ. ಆಮೇಲೆ ಹತ್ತಿ ಬಿಡಿಸುವ ಹೆಂಗಸರು ಒಂದು ಎದೆಯ ಚಿತ್ರಕ್ಕಾಗಿ ಕೂಲಿ ಬಿಟ್ಟು ರಾಯಚೂರಿಗೆ ಹೋಗಬೇಕು. ಹೋಗುತ್ತಾರೆಯೇ? ಕೆಮ್ಮುತ್ತ ಹೊಲಕ್ಕೇ ಹೋಗುತ್ತಾರೆ.

ರಾಯರು ಬಂದು ಕೂತರು. ವಯರ್ ಬದಲಿಸಿದರು, ಅಡ್ರೆಸ್ ತಿದ್ದಿದರು, ಕಂಪ್ಯೂಟರಿಗೆ ಹೊಸ ಹೆಸರಿಟ್ಟರು, ಪಾಸ್‌ವರ್ಡ್ ಮತ್ತೆ ಮತ್ತೆ ಹೊಡೆದರು. ಪ್ರತಿ ಸಲವೂ ಸರ್ವರ್ ಒಲ್ಲೆನೆಂದಿತು. ತನ್ನ ಟೈಮಿಗೂ ಕಂಪ್ಯೂಟರಿನ ಟೈಮಿಗೂ ವ್ಯತ್ಯಾಸವಿದ್ದರೂ ಅದು ಒಳಗೆ ಬಿಡುವುದಿಲ್ಲವಂತೆ. ಅದಕ್ಕೇ ಕಂಪ್ಯೂಟರಿನ ಟೈಮನ್ನು ಗೋಡೆಯ ಗಡಿಯಾರದೊಂದಿಗೆ ತಾಳೆ ನೋಡಿದರು. ಎರಡೂ ಸರಿಯಾಗಿ ಕೂಡಿದ್ದವು. ಊಟದ ಹೊತ್ತು ಮೀರಿತು, ಅವಲಕ್ಕಿ ಡಬ್ಬಿಯಲ್ಲೇ ಉಳಿಯಿತು. ಅವರು ಕಂಪ್ಯೂಟರಿಗೆ ‘ಲೇ’ ಎಂದದ್ದನ್ನು ನಾನು ಕೇಳಿದ್ದು ಅವತ್ತೊಂದೇ ದಿನ.

ಕೊನೆಗೆ, “ಆಗವಲ್ದು ಶರಣ್ಯಾ. ಇವರಿಗೆ ಆ ಮನಿ ಋಣ ಇಲ್ಲ” ಎಂದು ಮುಖ ಸಣ್ಣದು ಮಾಡಿಕೊಂಡರು. ಗೋಡೆಯ ಗಡಿಯಾರ ನೋಡಿ, ಬಸ್ಸು ತಪ್ಪೀತೆಂದು ಚೀಲ ಹೆಗಲಿಗೇರಿಸಿ ಓಡಿದರು. ನಾನು ಪೇಷಂಟುಗಳು ಕೂರುವ ಬೆಂಚಿನ ಮೇಲೆ ಸುಮ್ಮನೆ ಕೂತೆ.

ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಡುತ್ತ ವಾಪಸು ಬಂದರು. ಬಸ್ಸು ಹೋಗೇಬಿಟ್ಟಿತೇನೋ ಎಂದು ಬಸ್‌ಸ್ಟ್ಯಾಂಡಿನ ಕಂಟ್ರೋಲರನ್ನು ಕೇಳಿದರಂತೆ. ಆತ, “ಇನ್ನೂ ಟೈಮ್ ಅದರೀ, ಯಾಕ ಅವಸರ ಮಾಡಾಕತ್ತೀರಿ?” ಎಂದು ತನ್ನ ಕೈಗಡಿಯಾರ ತೋರಿಸಿದನಂತೆ.

“ಯಾರಲೇ ಈ ಗಡಿಯಾರ ಮುಂದಿಟ್ಟವರು?” ಎಂದು ಬಾಗಿಲಲ್ಲೇ ಗುಡುಗಿದರು.

ಚೀಟಿ ಬರೆಯುವ ಹುಲಿಗೆಮ್ಮ ಎದ್ದು ನಿಂತಳು. ದಿನಾ ಸಿರವಾರದಿಂದ ಬಂದು ಹೋಗುವವಳು. “ನಾನರೀ. ಸಂಜಿ ಬಸ್ಸು ತಪ್ಪತದಂತ ಹತ್ತು ನಿಮಿಷ ಮುಂದಿಟ್ಟಿದ್ದೆ. ಎರಡು ಕಡಿ ಎರಡು ಟೈಮ್ ಇದ್ರ ಗಲಿಬಿಲಿ ಆಗ್ತದಂತ ಕಂಪ್ಯೂಟರಿಗೂ ಅದ ಟೈಮ್ ಇಟ್ಟೀನ್ರೀ.”

ರಾಯರು ಬೈಯಲಿಲ್ಲ. “ಗುಡ್ಡ ಅಗದು ಇಲಿ ಹಿಡದಂಗಾತಲ್ಲವ್ವಾ!” ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೊಲ್ಲದು. ಬಾಗಿಲ ಚೌಕಟ್ಟು ಹಿಡಿದು ನಿಂತರು, ಹುಲಿಗೆಮ್ಮ ನೀರು ತಂದುಕೊಟ್ಟಳು.

ಟೈಮ್ ಸರಿ ಮಾಡಿದ ಮೇಲೆ ಕಂಪ್ಯೂಟರ್ ಒಂದೇ ಏಟಿಗೆ ಡೊಮೇನಿಗೆ ಸೇರಿತು. ರಾಯರು ಎರಡೂ ಕೈ ಜೋಡಿಸಿ ಅದಕ್ಕೆ ನಮಸ್ಕಾರ ಮಾಡಿದರು. ಇನ್ನು ಚಿತ್ರ ರಾಯಚೂರಿಗೆ ಮುಟ್ಟುತ್ತದೋ ಇಲ್ಲವೋ ನೋಡಬೇಕು. ಹೊರಗೆ ಪೇಷಂಟು ಒಬ್ಬರೂ ಇರಲಿಲ್ಲ.

“ನಂದ ತಗೀಲೇ. ಎದಿ ಫೋಟೋ ತಗಸ್ರಿ, ತಗಸ್ರಿ ಅಂತ ನಮ್ಮಾಕಿ ಬೆನ್ನು ಹತ್ಯಾಳ. ಆಕಿ ಬಾಯಿನೂ ಮುಚ್ಚಿದಂಗಾತು” ಎಂದು ಅಂಗಿ ಕಳಚಿ, ಪ್ಲೇಟಿಗೆ ಎದೆಯಾನಿಸಿ ನಿಂತರು. “ಉಸಿರು ಎಳಕೊಂಡು ಹಿಡೀರಿ” ಎಂದೆ. ಹಿಡಿಯಲು ಹೋದರೆ ಕೆಮ್ಮು ಬರುತ್ತಿತ್ತು. ಅಂತೂ ಒಮ್ಮೆ ಹಿಡಿದರು. ಹೆಸರಿನ ಜಾಗದಲ್ಲಿ ‘ಟೆಸ್ಟ್’ ಎಂದು ಹಾಕಲು ಅವರೇ ಹೇಳಿದರು.

ಚಿತ್ರ ಪರದೆಯ ಮೇಲೆ ಮೂಡಿತು. ಅವರು ನೋಡುತ್ತಿದ್ದುದು ಕೆಳಗೆ, ಅದು ಹೋಗುತ್ತಿದೆಯೋ ಇಲ್ಲವೋ ಎಂದು. ನಾನು ನೋಡುತ್ತಿದ್ದುದು ಚಿತ್ರವನ್ನು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿಯ ಗಂಟೊಂದಿತ್ತು. ನಾನು ಡಾಕ್ಟರಲ್ಲ, ಆದರೆ ಅಂಥದ್ದನ್ನು ಮೊದಲೂ ಕಂಡಿದ್ದೆ.

“ಹೋತು! ಮುಟ್ತು ನೋಡಲೇ!” ರಾಯರು ನನ್ನ ಬೆನ್ನಿಗೆ ಗುದ್ದಿದರು.

ರಾಯಚೂರಿನ ಡಾಕ್ಟರದೊಂದು ರೂಢಿಯಿತ್ತು. ಎಲ್ಲ ಸರಿ ಇದ್ದರೆ ವರದಿ ಸುಮ್ಮನೆ ಪರದೆಯ ಮೇಲೆ ಬರುವುದು. ಗಾಬರಿಯಾಗುವಂಥದ್ದು ಕಂಡರೆ ಮಾತ್ರ ಅವರು ಫೋನ್ ಮಾಡುವರು. ನನ್ನ ಫೋನ್ ಹೊಡೆದುಕೊಂಡಿತು. “ಈ ಟೆಸ್ಟ್ ಅನ್ನೋರು ಯಾರ್ರೀ? ನಾಳೇನೇ ಇಲ್ಲಿಗೆ ಕಳಸ್ರಿ” ಎಂದರು. ಹೂಂ ಎಂದು ಫೋನ್ ಕೆಳಗಿಟ್ಟೆ.

ರಾಯರು ನನ್ನ ಮುಖ ನೋಡಿದರು. “ಯಾಕಲೇ, ಫೋಟೋ ಮಸಕು ಹೋಗ್ಯದೇನು?”

“ಇಲ್ರೀ ರಾಯರ. ಸ್ವಚ್ಛ ಹೋಗ್ಯದ” ಎಂದೆ.

ಅಷ್ಟಕ್ಕೇ ಹಿಗ್ಗಿದರು. ಹಾಗೆ ಹಿಗ್ಗಿದ ಮನುಷ್ಯನಿಗೆ ಉಳಿದದ್ದನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಂಥ ಸಂಕಟ ನನ್ನ ವೈರಿಗೂ ಬೇಡ. ಹೇಳಿದ ಮೇಲೆ ಅವರು ಪರದೆಯ ಹತ್ತಿರ ಬಗ್ಗಿ, “ಎಲ್ಲದಲೇ? ತೋರ್ಸು” ಎಂದರು. ತೋರಿಸಿದೆ. ಬಹಳ ಹೊತ್ತು ನೋಡಿ, ಅಂಗಿ ಹಾಕಿಕೊಂಡರು.

ಕೊನೆಯ ಸಲ ನಾನು ಅವರನ್ನು ಕಂಡದ್ದು ಮಾನ್ವಿಯ ಅವರ ಮನೆಯಲ್ಲಿ. ಅಷ್ಟೊತ್ತಿಗೆ ಕ್ಯಾನ್ಸರಿನ ಔಷಧೋಪಚಾರವೆಲ್ಲ ಮುಗಿದು, ಮನೆಗೆ ಕರೆದುಕೊಂಡು ಹೋಗಿರೆಂದು ಡಾಕ್ಟರು ಹೇಳಿಯಾಗಿತ್ತು. ಎರಡು ದಿಂಬಿಗೆ ಒರಗಿ ಕೂತಿದ್ದರು. ನನಗೆ ಚಹಾ ತಂದುಕೊಟ್ಟ ಅವರ ಹೆಂಡತಿ ಅಲ್ಲೇ ಬಾಗಿಲಿಗೆ ನಿಂತು, “ಅವತ್ತು ಆ ಕಂಪ್ಯೂಟರ್ ರಾಯಚೂರಿಗೆ ಕೂಡದ ಇದ್ದಿದ್ರ ಇನ್ನೊಂದಿಷ್ಟು ದಿನ ನೆಮ್ಮದಿಲೆ ಇರತಿದ್ವಿ” ಎಂದರು. ನಾನು ಚಹಾ ಕುಡಿಯದೆ ಕೆಳಗಿಟ್ಟೆ.

“ಹಂಗನಬ್ಯಾಡ” ಎಂದರು ರಾಯರು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಾಗಿತ್ತು. “ತಡ ಮಾಡಿದಾಂವ ನಾನು. ಅವರದೇನು ತಪ್ಪು?” ಆಮೇಲೆ ನನ್ನ ಕಡೆ ತಿರುಗಿ, “ಹೆಂಗದಾರ ಅವರು?” ಎಂದು ಕೇಳಿದರು.

“ಆರಾಮ ಅದಾರ್ರೀ. ದಿನಾ ಫೋಟೋ ಹೊಂಟಾವು.”

“ಕೆಮ್ಮಿಕೋತ ಬಂದವರನ್ನ ಹಂಗ ಕಳಿಸಬ್ಯಾಡಲೇ ಶರಣ್ಯಾ” ಎಂದು ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೆಂದು ನಾನು ಸದ್ದಾಗದಂತೆ ಎದ್ದು ಬಂದೆ.

ಅವರು ತೀರಿಕೊಂಡ ಸುದ್ದಿ ಬಂದಾಗ ಹೊರಗೆ ಪೇಷಂಟುಗಳಿದ್ದರು. ಮಾನ್ವಿಗೆ ಹೊರಡಬೇಕೆಂದು ಎದ್ದೆ. ಬಾಗಿಲಲ್ಲೇ ಒಬ್ಬ ಮುದುಕಿ, ಹತ್ತಿ ಹೊಲದಿಂದ ನೇರವಾಗಿ ಬಂದವಳು, ಸೆರಗು ಬಾಯಿಗೊತ್ತಿ ಕೆಮ್ಮುತ್ತಿದ್ದಳು. ಅವಳನ್ನು ಒಳಗೆ ಕರೆದು ಚಿತ್ರ ತೆಗೆದೆ, ರಾಯಚೂರಿಗೆ ಹೋಯಿತು. ಫೋನನ್ನು ಮುಂದಿಟ್ಟುಕೊಂಡು ಕೂತೆ. ಅದು ಹೊಡೆದುಕೊಳ್ಳಲಿಲ್ಲ. ಪರದೆಯ ಮೇಲೆ ವರದಿ ಬಂತು.

“ಏನಿಲ್ಲ ಯವ್ವಾ, ಎದಿ ಸ್ವಚ್ಛ ಅದ. ಮನಿಗೆ ಹೋಗು” ಎಂದೆ.

“ನಿನ್ನ ಹೊಟ್ಟಿ ತಣ್ಣಗಿರಲಿ ಯಪ್ಪಾ” ಎಂದು ಅವಳು ನನ್ನ ಕೆನ್ನೆ ಸವರಿದಳು. ಆ ಹರಕೆ ನನಗೆ ಸಲ್ಲಬೇಕಾದ್ದಲ್ಲ ಎಂದು ಹೇಳಬೇಕೆನಿಸಿತು. ಹಾಗಾದರೆ ಯಾರಿಗೆ ಎಂದು ಅವಳು ಕೇಳಿದರೆ ಏನು ಹೇಳುವುದು? ಮುದುಕಿ ಹೋದಳು. ನಾನು ಬಾಗಿಲು ಹಾಕಿಕೊಂಡು ಅತ್ತೆ.