ಫೋಟೋ ತೆಗೆದರೆ ಮನೆ ಮಾರೀತೇ?

“ಮನಿ ಮಂದಿ ಹೊರಗ ಹೋಗ್ಯಾರ ಅಂತೀರಿ, ಆತು. ದೇವರೂ ಹೊರಗ ಹೋಗ್ಯಾನೇನ್ರಿ?”

ಮನೆ ಕೊಳ್ಳಲು ಸವಡಿಯಿಂದ ಬಂದಿದ್ದ ಹಿರಿಯರೊಬ್ಬರು ಖಾಲಿ ದೇವರ ಜಗಲಿಯ ಮುಂದೆ ನಿಂತು ನನ್ನನ್ನು ಹೀಗೆ ಕೇಳಿದರು. ದೇವರು ಎಲ್ಲಿಗೂ ಹೋಗಿರಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿಸಿಕೊಂಡು ಮಂಚದ ಕೆಳಗಿನ ಟ್ರಂಕಿನಲ್ಲಿದ್ದ. ಇಟ್ಟವನು ನಾನೇ!

ಯಾಕೆ ಅಂತೀರಾ? ಮೊದಲಿನಿಂದ ಹೇಳುತ್ತೇನೆ.

ರೋಣದಲ್ಲಿ ನನ್ನ ಅಕ್ಕ ಶಂಕ್ರವ್ವನ ಮನೆ ಇದೆ. (ಇತ್ತು ಅನ್ನಬೇಕು. ಬಾಯಿಗೆ ಇನ್ನೂ ರೂಢಿಯಾಗಿಲ್ಲ.) ಅಕ್ಕನ ಗಂಡ, ಅಂದರೆ ನಮ್ಮ ಮಾವ, ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಮಾತು ಕಮ್ಮಿ. ಅವರ ಪಾಲಿನದನ್ನೂ ಸೇರಿಸಿ ಅಕ್ಕನೇ ಆಡುತ್ತಾಳೆ. ಮದುವೆಯಾಗಿ ಆ ಮನೆ ಹೊಕ್ಕಾಗಿನಿಂದ ಆಕೆ ರೊಟ್ಟಿ ಬಡಿದಿದ್ದಾಳೆ. ಮನೆಯವರಿಗೆ, ಬೀಗರಿಗೆ, ಆಮೇಲೆ ಆರ್ಡರ್ ಕೊಟ್ಟ ಊರಿನವರಿಗೆಲ್ಲ. ಇಷ್ಟು ವರ್ಷಗಳಲ್ಲಿ ಆಕೆ ತನಗಾಗಿ ಬಯಸಿದ್ದು ಒಂದೇ. ತನ್ನದೇ ಆದ ಒಂದು ಖಾನಾವಳಿ.

ಅದು ಸಿಗುವ ಹಾಗಾಯಿತು. ನರಗುಂದದ ದಲಾಲಿ ಅಂಗಡಿಗಳ ಹತ್ತಿರ, ಕೆಳಗೆ ಖಾನಾವಳಿ, ಮೇಲೆ ಇರಲು ಮನೆ. ನಡೆಸುತ್ತಿದ್ದ ಮುದುಕಿಗೆ ಕೈ ಸೋತಿತ್ತು. “ಯುಗಾದಿ ತನಕ ನಿನ್ನ ಹಾದಿ ನೋಡ್ತೀನಿ ಶಂಕ್ರವ್ವ. ಆಮ್ಯಾಲ ಬ್ಯಾರೇದವ್ರು ಕೇಳ್ಯಾರ, ಅವ್ರಿಗೆ ಕೊಡ್ತೀನಿ” ಅಂದಿದ್ದಳು. ಅಂದರೆ ಯುಗಾದಿಯೊಳಗೆ ರೋಣದ ಮನೆ ಮಾರಬೇಕು. ಮಾರಿದರೆ ಖಾನಾವಳಿ. ಇಲ್ಲದಿದ್ದರೆ ಇಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಮನೆ ಮಾರಿ ನೋಡು ಅಂತ ಯಾಕೆ ಹೇಳಲಿಲ್ಲವೋ! ಏಜೆಂಟ್ ಬಸಣ್ಣ ವಾರಕ್ಕೊಬ್ಬರನ್ನು ಕರೆತರುತ್ತಿದ್ದ. ಅವರು ನೋಡಿ, ಚಹಾ ಕುಡಿದು, “ಹೇಳ್ತೀವ್ರಿ” ಅಂತ ಹೋಗುತ್ತಿದ್ದರು. ಹೇಳುತ್ತಿರಲಿಲ್ಲ.

ಆಗ ಹುಬ್ಬಳ್ಳಿಯಿಂದ ನಾನು ರಂಗಪ್ರವೇಶ ಮಾಡಿದೆ. ಯೂಟ್ಯೂಬಿನಲ್ಲಿ ಒಬ್ಬ ಕೋಟು ಹಾಕಿಕೊಂಡು ಹೇಳುತ್ತಿದ್ದ: ‘ಓಪನ್ ಹೌಸ್’ ಮಾಡಿ. ಒಂದೇ ದಿನ ಎಲ್ಲ ಗಿರಾಕಿಗಳನ್ನೂ ಕರೆಯಿರಿ. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಆಸೆ ಹುಟ್ಟುತ್ತದೆ. ನನಗಂತೂ ಭಾರೀ ಹಿಡಿಸಿತು.

“ಓಪನ್ ಹೌಸ್ ಅಂದ್ರೇನೋ?” ಅಕ್ಕ ಕೇಳಿದಳು.

“ಮನಿ ಬಾಗಲಾ ತೆಗೆದಿಡೋದು. ಯಾರ್ ಬೇಕಾದ್ರೂ ಬಂದು ನೋಡ್ಬಹುದು.”

“ನಮ್ಮನಿ ಬಾಗಲಾ ಯಾವಾಗ ಹಾಕಿತ್ತು, ಈಗ ತೆಗ್ಯಾಕ?”

ಆಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ನನ್ನ ತಲೆಯಲ್ಲಿ ಟಿಪ್ಸ್ ತುಂಬಿಕೊಂಡಿದ್ದವು. ಟಿಪ್ಸ್ ಇದ್ದ ತಲೆಗೆ ಅಕ್ಕನ ಮಾತು ಹೊಕ್ಕೀತೇ?

ವಿಡಿಯೋದವನ ಪ್ರಕಾರ ಮನೆಯವರ ಗುರುತು ಮನೆಯಲ್ಲಿ ಇರಕೂಡದು. ಬಂದವರು ಅದು ತಮ್ಮದೇ ಮನೆ ಅಂತ ಕಲ್ಪಿಸಿಕೊಳ್ಳಬೇಕಂತೆ. ಸರಿ, ಭಾನುವಾರ ನಸುಕಿನಲ್ಲೇ ಹೋಗಿ ಶುರುಮಾಡಿದೆ. ಮದುವೆಯ ಗ್ರೂಪ್ ಫೋಟೋ ಇಳಿಸಿದೆ. ಕ್ಯಾಲೆಂಡರ್ ಕಿತ್ತೆ. ದೇವರನ್ನು ಟ್ರಂಕಿಗೆ ಹಾಕಿದೆ. ರೊಟ್ಟಿ ಬುಟ್ಟಿಗಳನ್ನು ಅಟ್ಟಕ್ಕೇರಿಸಿದೆ. ಒಲೆ ಹಚ್ಚಗೊಡಲಿಲ್ಲ, ಒಗ್ಗರಣೆ ವಾಸನೆ ಬಂದರೆ ಗಿರಾಕಿ ಓಡಿಹೋಗುತ್ತಾನಂತೆ! ಅದರ ಬದಲು ನಿಂಬೆ ಪರಿಮಳದ ರೂಮ್ ಫ್ರೆಶ್ನರ್ ಹೊಡೆದೆ. ಧಾರಾಳವಾಗಿಯೇ ಹೊಡೆದೆ.

ಮಾಲೀಕರು ಎದುರಿಗಿದ್ದರೆ ಗಿರಾಕಿಗಳಿಗೆ ಸಂಕೋಚ ಅಂತ ಇನ್ನೊಂದು ಟಿಪ್. ಮಾವನನ್ನು ಚಹಾದಂಗಡಿಗೆ ಅಟ್ಟಿದೆ. ಅಕ್ಕನನ್ನು ಪಕ್ಕದ ಫಾತಿಮಾಬಿಯ ಮನೆಗೆ ಕಳಿಸಿದೆ. ಆಕೆ ಹೊಸಿಲು ದಾಟಿದ ಮೇಲೆ ಪಡಸಾಲೆಯ ಎದುರು ಗೋಡೆಯಲ್ಲಿದ್ದ ಕೊನೆಯ ಫೋಟೋವನ್ನೂ ಇಳಿಸಿದೆ. ಅಕ್ಕನ ಅತ್ತೆಯದು. ಹಾರ ಹಾಕಿದ ಫೋಟೋ. ಮೊದಲೇ ಹೇಳಿದ್ದರೆ ಅಕ್ಕ ಬಿಡುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ. ಅಲ್ಲಿ ಒಂದು ದಪ್ಪ ಮೊಳೆ ಉಳಿಯಿತು. ಅದರ ಕೆಳಗೆ ಸುಣ್ಣ ಮಾಸದ ಒಂದು ಚೌಕ.

(ಹುಬ್ಬಳ್ಳಿಯ ನನ್ನ ಫ್ಲ್ಯಾಟಿನ ಗೋಡೆಯಲ್ಲಿ ಒಂದೇ ಒಂದು ಮೊಳೆ ಇಲ್ಲ. ಮುಂದೆ ರೀಸೇಲ್ ಮಾಡುವಾಗ ತೂತು ಕಾಣಬಾರದು ನೋಡಿ. ಆ ಹೆಮ್ಮೆಯಿಂದಲೇ ಇಷ್ಟೆಲ್ಲ ಮಾಡಿದ್ದು.)

ಜನ ಬಂದರು. ಚಲೋ ಸಂಖ್ಯೆಯಲ್ಲೇ ಬಂದರು. ಆಮೇಲೆ ದೇವರ ಪ್ರಶ್ನೆ ಬಂತು. ಅದನ್ನು ನುಂಗಿಕೊಳ್ಳುವಷ್ಟರಲ್ಲಿ ಗಜೇಂದ್ರಗಡದ ಒಬ್ಬ ಹೆಣ್ಣುಮಗಳು ಆ ಮೊಳೆಯ ಮುಂದೆ ನಿಂತಳು.

“ಇಲ್ಲಿ ಯಾರ ಫೋಟೋ ಇತ್ರಿ?”

“ಅದು... ಈಗಿಲ್ಲದವರದ್ದು.”

“ಹ್ಯಾಂಗ ಹೋದ್ರು?”

ನೆಗೆಟಿವ್ ವಿಷಯ ಎತ್ತಲೇಬಾರದು ಅಂತ ವಿಡಿಯೋದವ ಒತ್ತಿ ಒತ್ತಿ ಹೇಳಿದ್ದ. “ಅದೆಲ್ಲ ಬಿಡ್ರಿ, ಅಡಗಿಮನಿ ನೋಡ್ರಿ” ಅಂದೆ. ಆಕೆ ನನ್ನ ಮುಖ ನೋಡಿದಳು. ತಣ್ಣಗಿದ್ದ ಒಲೆ ನೋಡಿದಳು. ಮೂಗೇರಿಸಿ ಗಾಳಿ ಎಳೆದುಕೊಂಡಳು. ಗಂಡನ ಕಿವಿಯಲ್ಲಿ ಆಕೆ ಅಂದದ್ದು ನನಗೂ ಕೇಳಿಸಿತು:

“ಲಿಂಬಿಹಣ್ಣು ವಾಸನಿ ಬರಾಕತ್ತೈತಿ. ಏನೋ ಮಾಡ್ಸ್ಯಾರ. ನಡೀರಿ ಲಗೂನ.”

ನಮ್ಮ ಕಡೆ ಮಟಮಟ ಮಧ್ಯಾಹ್ನ ಒಲೆ ತಣ್ಣಗಿರುವುದು ಯಾವಾಗ? ಮನೆಯಲ್ಲಿ ಸಾವಾದಾಗ. ಅದರ ಮೇಲೆ ದೇವರಿಲ್ಲ, ಮಂದಿಯಿಲ್ಲ, ಫೋಟೋ ಕಿತ್ತಿದ್ದಾರೆ, ನಿಂಬೆಹಣ್ಣಿನ ವಾಸನೆ. ಇನ್ನೇನು ಬೇಕು? ಸಂಜೆಯೊಳಗೆ ಊರ ತುಂಬ ಒಂದೇ ಸುದ್ದಿ: ಶಂಕ್ರವ್ವನ ಮನೆ ಅವರಿಗೆ ಆಗಿ ಬಂದಿಲ್ಲವಂತೆ.

ಗೋಡೆ ಬಿರುಕು ಬಿಟ್ಟರೆ ಮೆತ್ತಬಹುದು. ಬಾಗಿಲು ಗೆದ್ದಲು ಹಿಡಿದರೆ ಬದಲಿಸಬಹುದು. ‘ಆಗಿ ಬಂದಿಲ್ಲ’ ಅನ್ನುವ ಮಾತು ಹತ್ತಿದ ಮನೆಯನ್ನು ನಮ್ಮ ಸೀಮೆಯಲ್ಲಿ ಪುಕ್ಕಟೆ ಕೊಟ್ಟರೂ ಯಾರೂ ತೆಗೆದುಕೊಳ್ಳುವುದಿಲ್ಲ. ಮರುದಿನ ಬಸಣ್ಣ ಫೋನಿನಲ್ಲಿ, “ಇನ್ನ ನನ್ನ ಕೈಲಿ ಆಗೂದಿಲ್ರಿ” ಅಂತ ಕೈ ಚೆಲ್ಲಿದ. ಯುಗಾದಿಗೆ ಉಳಿದದ್ದು ಹೆಚ್ಚು ದಿನವಲ್ಲ. ನರಗುಂದದ ಖಾನಾವಳಿ ನನ್ನ ಕಣ್ಣೆದುರಿಗೇ ಜಾರತೊಡಗಿತ್ತು.

ಆದರೆ ಅಕ್ಕನಿಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಭಾನುವಾರ ಸಂಜೆ ಪಡಸಾಲೆಗೆ ಬಂದವಳೇ ಗೋಡೆ ನೋಡಿದಳು.

“ನಮ್ಮತ್ತಿ ಎಲ್ಲೋ?”

“ಟ್ರಂಕಿನ್ಯಾಗ.”

“ಹುಚ್ಚಪ್ಯಾಲಿ! ಬದುಕಿರೋ ತನಕ ಆಕಿ ಕೂಡ ದಿನಾ ಜಗಳಾಡೀನಿ. ಅದು ನನ್ನ ಆಕಿ ವ್ಯವಹಾರ. ಈ ಮನಿ ಕಟ್ಟಾಕ ಕಲ್ಲು ಹೊತ್ತಾಕಿ ಆಕಿ. ಆಕಿನ್ನ ಟ್ರಂಕಿನ್ಯಾಗ ಮುಚ್ಚಿಟ್ಟು ಆಕಿ ಮನಿ ಮಾರಲೇನು? ನಾಚಿಕಿ ಬರ್ಬೇಕು ನಿನಗ!”

ಬಂತು. ನಿಜವಾಗಿಯೂ ಬಂತು. ಅಕ್ಕ ಫೋಟೋ ತೆಗೆದು, ಸೆರಗಿನಿಂದ ಗಾಜು ಒರೆಸಿ, ಮೊದಲಿನ ಮೊಳೆಗೇ ತೂಗುಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, “ಮುಂದಿನ ರವಿವಾರ ನಾ ಮಾಡ್ತೀನಿ ನಿನ್ನ ಓಪನ್ ಹೌಸ್. ನೀ ಬರೇ ನೀರು ಕೊಡು” ಅಂದಳು.

ಆ ರವಿವಾರ ನಾನು ನೋಡಿದ್ದನ್ನು ಏನಂತ ವರ್ಣಿಸಲಿ?

ಬಸಣ್ಣನ ಕೈಯಲ್ಲಿ, ಫಾತಿಮಾಬಿಯ ಕೈಯಲ್ಲಿ ಎಲ್ಲರಿಗೂ ಹೇಳಿಕಳಿಸಿದ್ದಳು: ಮಧ್ಯಾಹ್ನ ಊಟಕ್ಕೆ ಬರ್ರಿ, ಮನೆ ಬೇಕಾದ್ರೆ ನೋಡ್ರಿ, ಬ್ಯಾಡಾದ್ರ ಉಂಡು ಹೋಗ್ರಿ. ಹೆದರಿ ಓಡಿದವರೂ ಬಂದರು! (ಊಟ ಒಂದು ಕಾರಣ. ಏನಾಗಿದೆ ಅಂತ ತಿಳಿದುಕೊಳ್ಳುವ ಚಪಲ ಇನ್ನೊಂದು.) ಓಣಿಗೆ ಕಾಲಿಟ್ಟರೆ ಸಾಕು, ರೊಟ್ಟಿ ಬಡಿಯುವ ಸಪ್ಪಳ. ಎಣ್ಣೆಗಾಯಿ ಕುದಿಯುವ ಘಮ. ಜಗಲಿಯ ಮೇಲೆ ದೇವರು, ದೇವರ ಮುಂದೆ ದೀಪ. ಪಡಸಾಲೆಯಲ್ಲಿ ಚಾಪೆ. ನಾನು ನೀರಿನ ತಂಬಿಗೆ ಹಿಡಿದು ಓಡಾಡುತ್ತಿದ್ದೆ. ಮಾವ ಉಪ್ಪು ಬಡಿಸುತ್ತಿದ್ದರು.

ಬಂದವರನ್ನು ಅಕ್ಕ ನೇರವಾಗಿ ಅತ್ತೆಯ ಫೋಟೋದ ಮುಂದೆ ನಿಲ್ಲಿಸುತ್ತಿದ್ದಳು.

“ಇವರು ನಮ್ಮತ್ತಿ. ಹೌದ್ರಿ, ಇದೇ ಪಡಸಾಲ್ಯಾಗ ತೀರಿಕೊಂಡ್ರು. ಹೊಟ್ಟಿ ತುಂಬ ಹೋಳಿಗಿ ತುಪ್ಪ ಉಂಡು, ‘ಹೋಳಿಗಿ ದಪ್ಪ ಆಗ್ಯಾವ, ನಿನಗ ಇನ್ನೂ ಬರೂದಿಲ್ಲ’ ಅಂತ ನನ್ನ ಬೈದು ಮಲಗಿದ್ರು. ಮುಂಜಾನಿ ಏಳಲಿಲ್ಲ. ಅಂಥಾ ಸಾವು ಯಾರಿಗೆ ಸಿಗತೈತ್ರಿ?”

ಗಜೇಂದ್ರಗಡದ ಆ ಹೆಣ್ಣುಮಗಳು ನಕ್ಕೇಬಿಟ್ಟಳು. “ನಮ್ಮತ್ತೀನೂ ಹಿಂಗ ಬೈತಾರ್ರಿ” ಅಂತ ಚಾಪೆಯ ಮೇಲೆ ಕುಳಿತಳು. ಒಂದು ವಾರ ಊರು ಸುತ್ತಿದ ಸುದ್ದಿ ಅಲ್ಲೇ ಸತ್ತಿತು.

ಫಾತಿಮಾಬಿ ತನ್ನದೂ ಒಂದು ಸಾಕ್ಷಿ ಹೇಳಿದಳು. “ನನ್ನ ಮಗಳಿಗೆ ಬ್ಯಾನಿ ಸುರುವಾದಾಗ ಹೊರಗ ಧೋ ಅಂತ ಮಳಿ. ದವಾಖಾನಿಗೆ ಗಾಡಿ ಬರಲಿಲ್ಲ. ಇಲ್ಲೇ ಕರ್ಕೊಂಬಂದ್ವಿ. ಶಂಕ್ರಕ್ಕ, ಫೋಟೋದಾಗಿನ ಈ ಅಮ್ಮ, ಇಬ್ರೂ ಕೂಡಿ ಹೆರಿಗಿ ಮಾಡಿಸಿದ್ರು. ಈ ಮನಿ ಆಗಿ ಬಂದಿಲ್ಲಂತ ಯಾವಾಕಿ ಅಂದಾಕಿ? ನನ್ನ ಮುಂದ ಬಂದು ಅನ್ಲಿ!” ಅನ್ನುವ ಧೈರ್ಯ ಯಾರಿಗಿತ್ತು?

ಮನೆಯ ಐಬುಗಳನ್ನೂ ಅಕ್ಕನೇ ಬಡಿಸಿದಳು, ರೊಟ್ಟಿಯ ಜೊತೆಗೇ. “ಬಚ್ಚಲದಾಗ ನೀರು ನಿಂದರತೈತ್ರಿ. ಮೂಲ್ಯಾಗ ಕೋಲು ಐತಿ, ತಿವಿದ್ರ ಹೋಕ್ಕೈತಿ. ದೊಡ್ಡ ಮಳಿ ಬಂದ್ರ ಅಡಗಿಮನಿ ಮೂಲಿ ಸೋರತೈತಿ, ಒಂದು ಪಾತೇಲಿ ಇಡ್ರಿ.” ನಾನು ತಂಬಿಗೆ ಹಿಡಿದು ತಲೆ ತಗ್ಗಿಸಿದೆ. ಆದರೆ ಬಂದವರು ತಲೆಯಾಡಿಸುತ್ತಾ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಸೋರುತ್ತದೆ ಅಂತ ಬಾಯಿಬಿಟ್ಟು ಹೇಳುವವಳು ಬೇರೇನು ಮುಚ್ಚಿಟ್ಟಾಳು?

ಅವರ ನಡುವೆ ಸುಜಾತಾ ಅಂತ ಒಬ್ಬಾಕೆ ಇದ್ದಳು. ಚಿಕ್ಕನರಗುಂದದವಳು. ರೋಣದ ದವಾಖಾನೆಯಲ್ಲಿ ನರ್ಸ್. ಗಂಡ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ರೋಣದಲ್ಲೇ ಬಾಡಿಗೆ ಮನೆಯಲ್ಲಿದ್ದರು. ಊಟ ಮುಗಿಸಿ ಆಕೆ ಕೈ ತೊಳೆಯಲು ಬಚ್ಚಲಿಗೆ ಹೋದಳು. ಹೊರಗೆ ಬರಲೇ ಇಲ್ಲ. ಏನಾಯಿತೋ ಅಂತ ಅಕ್ಕ ಇಣುಕಿದರೆ, ಸುಜಾತಾ ಸೀರೆ ಎತ್ತಿ ಸಿಕ್ಕಿಸಿಕೊಂಡು, ಮೂಲೆಯ ಕೋಲು ಹಿಡಿದು ತೂಬು ತಿವಿಯುತ್ತಿದ್ದಾಳೆ! ನೀರು ಗುಳುಗುಳು ಅಂತ ಇಳಿದುಹೋಯಿತು.

“ಹೋತು ನೋಡ್ರಿ ಅಕ್ಕಾರ” ಅಂದಳು, ಬೆವರು ಒರೆಸಿಕೊಳ್ಳುತ್ತಾ.

ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: “ಮನಿ ಮಾರಿತು, ತಮ್ಮಾ.”

ಹಾಗೆಯೇ ಆಯಿತು. ಬಂದವರು ತಮ್ಮದೇ ಮನೆ ಅಂತ ಕಲ್ಪಿಸಿಕೊಳ್ಳಬೇಕು ಅಂತ ತಾನೇ ಆ ಕೋಟಿನವ ಹೇಳಿದ್ದು? ನನ್ನ ಅಕ್ಕ ಒಂದು ಊಟದಲ್ಲಿ ಅದನ್ನು ಮಾಡಿ ತೋರಿಸಿದಳು. ಎಂಥಾ ಹೆಂಗಸು ನನ್ನ ಅಕ್ಕ! ಅಕ್ಕ ಅಂತ ಹೊಗಳುತ್ತಿಲ್ಲ, ಖರೇನೇ ಹೇಳುತ್ತಿದ್ದೇನೆ.

ಯುಗಾದಿಗೆ ಮುಂಚೆಯೇ ಕಾಗದಪತ್ರ ಮುಗಿದವು. ಮನೆ ಬಿಡುವ ದಿನ ಸಾಮಾನೆಲ್ಲ ಟೆಂಪೋ ಏರಿತ್ತು. ಕೊನೆಗೆ ಅಕ್ಕ ಅತ್ತೆಯ ಫೋಟೋ ಇಳಿಸಿ ಎದೆಗವಚಿಕೊಂಡಳು. ಗೋಡೆಯಲ್ಲಿ ಬರೀ ಮೊಳೆ ಕಾಣಬಾರದು ಅಂತ ನಾನು ಇಕ್ಕಳ ತೆಗೆದುಕೊಂಡು ಮೊಳೆ ಕೀಳಲು ಹೋದೆ. (ಬುದ್ಧಿ ಇನ್ನೂ ಬಂದಿರಲಿಲ್ಲ ನೋಡಿ.)

ಸುಜಾತಾ ಓಡಿಬಂದು ನನ್ನ ಕೈ ತಡೆದಳು.

“ಮೊಳಿ ಕೀಳಬ್ಯಾಡ್ರಿ ಅಣ್ಣಾರ. ನಮ್ಮತ್ತಿ ಹೋಗಿ ಮೂರು ವರ್ಷಾತು. ಬಾಡಿಗಿ ಮನ್ಯಾಗ ಮೊಳಿ ಹೊಡಿಬ್ಯಾಡ್ರಿ ಅಂತ ಮಾಲಕ್ರು ಕಟ್ಟಪ್ಪಣಿ ಮಾಡಿದ್ರು. ಅವರ ಫೋಟೋ ಇನ್ನೂ ಟ್ರಂಕಿನ್ಯಾಗ ಐತಿ. ಇವತ್ತ ಹೊರಗ ತೆಗೀತೀನಿ.”

ಅಕ್ಕ ಸುಜಾತಾಳ ತಲೆಯ ಮೇಲೆ ಕೈಯಿಟ್ಟು, “ಆತವ್ವಾ, ನಾ ನರಗುಂದದಾಗ ಬ್ಯಾರೆ ಹೊಡ್ಕೋತೀನಿ” ಅಂದಳು. ಹೊಸಿಲು ದಾಟಿದ ಮೇಲೆ ಬಿಕ್ಕಿ ಅತ್ತಳು. ಮಾವ ಸುಮ್ಮನೆ ಆಕೆಯ ಹೆಗಲು ಹಿಡಿದುಕೊಂಡು ಟೆಂಪೋ ಹತ್ತಿಸಿದರು.

ನರಗುಂದದಲ್ಲಿ ಆಕೆ ಮೊದಲು ಹೊಡೆದದ್ದು ಮೊಳೆ. ಆಮೇಲೆ ಒಲೆ ಹಚ್ಚಿದ್ದು. ಈಗ ಅತ್ತೆ ಗಲ್ಲಾದ ಹಿಂದಿನ ಗೋಡೆಯಿಂದ ಉಣ್ಣುವವರನ್ನೆಲ್ಲ ನೋಡುತ್ತಿರುತ್ತಾರೆ. ಹೋಳಿಗೆ ದಪ್ಪಗಿದೆ ಅಂತ ಯಾರಾದರೂ ಅಂದರೆ ಅಕ್ಕ ಫೋಟೋ ಕಡೆ ಕೈ ಮಾಡಿ, “ಅಲ್ಲಿ ಹೇಳ್ರಿ, ಅವ್ರಿಗೆ ಭಾಳ ಖುಷಿ ಆಕ್ಕೈತಿ” ಅನ್ನುತ್ತಾಳೆ. ಖಾನಾವಳಿಗೆ ಒಂದು ಪ್ರಚಾರದ ವಿಡಿಯೋ ಮಾಡಿಕೊಡಲಾ ಅಂತ ಕೇಳಿದೆ. “ನೀ ಏನೂ ಮಾಡಬ್ಯಾಡೋ ನಮ್ಮಪ್ಪ. ಕುಂತು ಉಣ್ಣು” ಅಂದಳು. ಕುಳಿತು ಉಂಡೆ.

ಉಂಡು ಹುಬ್ಬಳ್ಳಿಗೆ ಬಂದು ಬೀಗ ತೆರೆದೆ. ನುಣ್ಣಗಿನ ಗೋಡೆಗಳು. ಎಲ್ಲೂ ಒಂದು ತೂತಿಲ್ಲ, ಕಲೆಯಿಲ್ಲ. ನನ್ನ ಹೆಂಡತಿ ಊರಿನಿಂದ ತಂದಿದ್ದ ಅವಳ ಅಪ್ಪನ ಫೋಟೋ, ಗೋಡೆ ಹಾಳಾಗುತ್ತದೆ ಅಂತ ನಾನು ಹೇಳಿದ್ದಕ್ಕೆ, ಕಪಾಟಿನ ಮೇಲೆ ಇನ್ನೂ ಪೇಪರಿನಲ್ಲೇ ಸುತ್ತಿಕೊಂಡಿತ್ತು. ಸುತ್ತಿಗೆ ಹುಡುಕಿದೆ. ಮನೆಯಲ್ಲಿ ಸುತ್ತಿಗೆಯೇ ಇಲ್ಲ!

ಕಂತು ಕಟ್ಟಿ ಕೊಂಡ ಸ್ವಂತ ಮನೆಯಲ್ಲಿ ಇಷ್ಟು ವರ್ಷ ಬಾಡಿಗೆದಾರನ ಹಾಗೆ ಇದ್ದವನು ನಾನೊಬ್ಬನೇನಾ?