ಗಾಳಿ ಹಾಕುವ ಎಡಗೈ

ಸಿಂಧನೂರಿನ ಜಾಝ್ ಪಿಯಾನೊ ವಾದಕರಲ್ಲಿ ನಾನೇ ಮೊದಲಿಗ. ಎರಡನೆಯವನು ಇನ್ನೂ ಹುಟ್ಟಿಲ್ಲ. ನನ್ನ ಬಳಿ ಪಿಯಾನೊ ಇಲ್ಲ, ಅದು ಬೇರೆ ಮಾತು. ಚಿಕ್ಕಪ್ಪ ಕೊಡಿಸಿದ ಕೀಬೋರ್ಡ್ ಇದೆ, ಅದರಲ್ಲಿ ‘ಪಿಯಾನೊ’ ಅಂತ ಒಂದು ಬಟನ್ ಇದೆ.

ಕಲಿತದ್ದು ಮಾತ್ರ ಅಜ್ಜನ ಹಾರ್ಮೋನಿಯಂ ಮೇಲೆ. ಪ್ರತಿ ಸೋಮವಾರದ ಭಜನೆಯಲ್ಲಿ ಆರು ವರ್ಷ ನನ್ನ ಬಲಗೈ ನುಡಿಸಿತು, ಎಡಗೈ ಗಾಳಿ ಹಾಕಿತು. ಆಮೇಲೆ ಫೋನಿನಲ್ಲಿ ಜಾಝ್ ಕೇಳಿದೆ. ಭಜನೆ ಬಿಡುತ್ತೇನೆಂದು ಘೋಷಿಸಿದೆ.

“ಏನಲೇ ಅದು ಜಾಝ್?” ಅಂದ ಅಜ್ಜ.

“ಕಲ್ತದ್ದು ಬಾರ್ಸಂಗಿಲ್ಲಜ್ಜ. ಕುಂತಲ್ಲೇ ಹೊಸಾದು ಹುಟ್ಟಿಸಬೇಕು. ಒಬ್ಬನ ಬಾರ್ಸೋದು, ತಬಲಾನೂ ಇಲ್ಲ.”

“ಓದದನ ಪರೀಕ್ಷಾ ಬರದಂಗ ಅನ್ನು. ಅದ್ರಾಗ ನೀ ಹುಷಾರ್ ಅದೀ ಬಿಡು.”

ಪಣ ಬಿತ್ತು. ಮಸ್ಕಿಯಲ್ಲಿ ಅತ್ತೆಯ ಮಗಳ ನಿಶ್ಚಿತಾರ್ಥ. ಅಲ್ಲಿ ಐದು ನಿಮಿಷ ನಿಲ್ಲಿಸದೆ ನುಡಿಸಿದರೆ ಸೋಮವಾರಗಳೆಲ್ಲ ನನ್ನವು. ನಡುವೆ ನಿಂತರೆ, ನನ್ನ ಮದುವೆಯಾಗುವವರೆಗೂ ಭಜನೆ.

ಊಟ ಮುಗಿದಿತ್ತು. ಮುಂದಿನ ಸಾಲಿನಲ್ಲಿ ಲಿಂಗಸುಗೂರಿನ ಬೀಗರು ಹುಗ್ಗಿಯ ಭಾರಕ್ಕೆ ಅರ್ಧ ಮಲಗಿದ್ದರು. ಅತ್ತೆಯ ಮಗಳು ಕಿವಿಯ ಬಳಿ ಬಂದು ಹಲ್ಲು ಕಡಿದಳು: “ಬೀಗರು ಎದ್ದು ಹೋದ್ರ ನಿನ್ನ ಬಿಡಂಗಿಲ್ಲ ನೋಡ್ಲೇ!”

ಶುರು ಮಾಡಿದೆ. ಬಲಗೈ ಗೊರೇಬಾಳದ ಕಾಲುವೆಗೆ ನೀರು ಬಿಟ್ಟಂತೆ ಓಡಿತು. ಎಡಗೈ? ಅದು ತನ್ನ ಪಾಡಿಗೆ ಗಾಳಿ ಹಾಕತೊಡಗಿತು! ಹಿಂದಕ್ಕೆ ಹೋಗುವುದು, ಮುಂದಕ್ಕೆ ಬರುವುದು, ಬಂದಾಗಲೆಲ್ಲ ಕೀಬೋರ್ಡಿನ ತಗ್ಗು ಸ್ವರದ ಮನೆಗಳ ಮೇಲೆ ಬೀಳುವುದು: ಧಪ್, ಧಪ್. ಅದನ್ನು ನೋಡುತ್ತ ಬಲಗೈ ಬೆರಳು ಜಾರಿ, ಯಾವ ರಾಗಕ್ಕೂ ಸೇರದ ಒಂದು ಸ್ವರ ಕಿರುಚಿತು. ಬೀಗರು ಪೂರ್ತಿ ಎಚ್ಚರಾದರು.

ಜಾಝ್‌ನ ಗುಟ್ಟು ಇಷ್ಟೇ: ತಪ್ಪು ಸ್ವರವನ್ನು ಇನ್ನೆರಡು ಸಲ ನುಡಿಸಿದರೆ ಬೇಕಂತಲೇ ಮಾಡಿದ ಹಾಗೆ ಕೇಳುತ್ತದೆ. ನಾನು ಎಚ್ಚರಿಕೆಗೆಂದು ಹನ್ನೊಂದು ಸಲ ನುಡಿಸಿದೆ. ಹಿರಿಯ ಬೀಗರು ತಲೆ ತೂಗಿದರು, ಬಿಕ್ಕಳಿಕೆಯೂ ಇರಬಹುದು. ಅಷ್ಟರಲ್ಲಿ ನನ್ನ ‘ಧಪ್’ಗೆ ಸರಿಯಾಗಿ ‘ಠಣ್’ ಅಂತ ಕೇಳಿಸಿತು. ಅಜ್ಜ! ಬೇರೆಯವರು ಕರ್ಚೀಫು ಇಟ್ಟುಕೊಳ್ಳುವ ಹಾಗೆ ಅಜ್ಜ ಚೀಲದಲ್ಲಿ ಸದಾ ತಾಳ ಇಟ್ಟುಕೊಂಡಿರುತ್ತಾನೆ. ಆಮೇಲೆ ನಿಲ್ಲಿಸುವವರು ಯಾರು? ಒಂಬತ್ತು ನಿಮಿಷ!

“ಗೆದ್ದೆ ಅಜ್ಜಾ! ಸೋಮವಾರ ಬರಂಗಿಲ್ಲ!”

ಅಜ್ಜ ತಾಳ ಒರೆಸುತ್ತ ಹೇಳಿದ: “ಬಲಗೈ ಗೆದ್ದೈತಿ, ಒಪ್ಪಿದೆ. ಎಡಗೈ ಮೊದಲಿಂದ ಕಡೀತನಕ ಭಜನಿ ಮಾಡೈತಿ. ಸೋಮವಾರ ಅದನ್ನಷ್ಟ ಕಳಸು.”

ಈಗ ಪ್ರತಿ ಸೋಮವಾರ ಎಡಗೈಯನ್ನು ಭಜನೆಗೆ ಬಿಟ್ಟು ಬರಲು ಹೋಗುತ್ತೇನೆ. ಒಂದನ್ನೇ ಕಳಿಸಿದರೆ ದಾರಿ ತಪ್ಪುತ್ತದೆ.