ಮಿಸರ್ ಸಾಹೇಬರು

ಕಲ್ಲೂರಿನ ದಿಬ್ಬದ ಹಳೆಯ ಕಲ್ಲುಗೋರಿಗಳನ್ನು ಅಗೆಯುವಲ್ಲಿ ಮಣ್ಣು ಹೊರಲು ಹೋದ ಮೊದಲ ದಿನ, ಅಗೆತ ಮಾಡಿಸುವ ಜಹೀರುದ್ದೀನ್ ಸಾಹೇಬರು "ಮಿಸರ್, ಮಿಸರ್" ಎನ್ನುತ್ತಿದ್ದರು. "ಮಸರು" ಕೇಳಿದರೆಂದು ತಿಳಿದು ನನ್ನ ಬುತ್ತಿಯ ಮೊಸರು ತಂದಿಟ್ಟೆ. "ಯವ್ವಾ, ಮಿಸರ್ ಅಂದ್ರ ಈಜಿಪ್ಟ್ ದೇಶರೀ!" ಎಂದು ನಕ್ಕು, ಮೊಸರನ್ನೂ ಉಂಡರು. ಆ ದೇಶದ ರಾಜರ ಗೋರಿಗಳಲ್ಲಿ ರೊಟ್ಟಿ, ಖರ್ಜೂರ ಇಡುತ್ತಿದ್ದರೆಂದು ದಿನವೂ ಹೇಳುವರು. ನಮ್ಮಲ್ಲಿ ಗಡಿಗೆಯೊಂದು ಸಿಕ್ಕರೆ ಸಾಕು, ಒಳಗೆ ಇಣುಕಿ, "ಉಣ್ಣಾಕ ಏನು ಕೊಟ್ಟು ಕಳಿಸ್ಯಾರ ನೋಡೂಣು" ಎನ್ನುವರು. "ಸಾಹೇಬರಿಗೆ ಸತ್ತವರ ಹಸಿವಿಂದೇ ಚಿಂತಿ" ಎಂದು ನನ್ನ ಜೊತೆ ಮಣ್ಣು ಹೊರುವ ಬಂಡೆಮ್ಮ ಛೇಡಿಸುವಳು. ಮಾನ್ವಿಯಲ್ಲಿ ಸಾಹೇಬರ ತಾಯಿಗೆ ಜಡ್ಡು ಜೋರಾಗಿದೆಯೆಂದು ಸುದ್ದಿ ಬಂದಾಗ, "ಯವ್ವಾ, ನೀವು ಮುಂದ ಹೋಗಿ ಅಮ್ಮನ ಬಲ್ಲಿ ಇರ್ರಿ, ಈ ಗಡಿಗಿ ತೆಗೆದು ಬಂದೇಬಿಡ್ತೀನಿ" ಎಂದು ನನ್ನನ್ನು ಕಳಿಸಿದರು. ಅವರು ಬರುವಷ್ಟರಲ್ಲಿ ತಾಯಿಗೆ ಮಣ್ಣು ಕೊಟ್ಟು ಜನ ತಿರುಗಿ ಬಂದಿದ್ದರು. ಆಮೇಲೆ ಅವರು ದಿಬ್ಬಕ್ಕೆ ಬರಲಿಲ್ಲ. ಅಂದು ತಾಯಿಯ ಮನೆಯ ಹೊಸ್ತಿಲಲ್ಲಿ ನಿಂತು ನನ್ನನ್ನು ಕೇಳಿದ್ದೇ ಕೊನೆ: "ಯವ್ವಾ, ನಮ್ಮಮ್ಮ ಉಂಡು ಹೋದಳೇನ್ರಿ?"